ನಮ್ಮ ಗುಡ್ಡ ಯಾವ ಪಟ್ಟಿಗೆ ಸೇರುತ್ತದೆ?

ಪ್ರಶ್ನೆ: ನಾನು ಮಡಿಕೇರಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭೂಮಿಯ ಮೇಲ್ಮೈಯನ್ನು ಬದಲಿಸುವ ಶಕ್ತಿಗಳ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ಎರಡು ಪಟ್ಟಿ ಬರೆಯುವುದು ನನ್ನ ರೂಢಿ. ನಿಧಾನವಾದವು: ಶಿಥಿಲೀಕರಣ, ನದಿ, ಗಾಳಿ, ಅಲೆ. ಹಠಾತ್ತಾದವು: ಭೂಕಂಪ, ಜ್ವಾಲಾಮುಖಿ, ಭೂಕುಸಿತ. 2018ರ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡ ಕುಟುಂಬದ ಹುಡುಗನೊಬ್ಬ ಎದ್ದು ನಿಂತು, “ನಮ್ಮ ಗುಡ್ಡ ಒಂದೇ ರಾತ್ರಿಯಲ್ಲಿ ಬಿತ್ತು ಮಿಸ್. ಆದರೆ ಅದು ಯಾವಾಗಿನಿಂದಲೋ ಬೀಳೋಕೆ ತಯಾರಾಗ್ತಾ ಇತ್ತು ಅಂತ ತಾತ ಹೇಳ್ತಾರೆ. ಹಾಗಾದ್ರೆ ಅದನ್ನ ಯಾವ ಪಟ್ಟೀಲಿ ಬರೀಬೇಕು?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಇದರ ಜೊತೆಗೆ ನನ್ನವೇ ಎರಡು ಪ್ರಶ್ನೆಗಳಿವೆ. ಕೋಟ್ಯಂತರ ವರ್ಷಗಳಿಂದ ಮಳೆ ಮಣ್ಣನ್ನು ತೊಳೆಯುತ್ತಲೇ ಇದ್ದರೆ ನಮ್ಮ ಬೆಟ್ಟಗಳು ಎಂದೋ ಮಟ್ಟಸವಾಗಬೇಕಿತ್ತಲ್ಲವೇ? ಒಮ್ಮೆ ಕುಸಿದ ಜಾಗ ಮತ್ತೆ ಕುಸಿಯುತ್ತದೆಯೇ?

ಉತ್ತರ: ಮೊದಲು ಹುಡುಗನಿಗೆ ಉತ್ತರ ಹೇಳಿಬಿಡೋಣ. ಅವನ ಗುಡ್ಡವನ್ನು ಎರಡು ಪಟ್ಟಿಗಳಲ್ಲೂ ಬರೆಯಬೇಕು; ಬರೆದ ಮೇಲೆ ನಡುವಿನ ಗೆರೆಯನ್ನು ಅಳಿಸಿಬಿಟ್ಟರೂ ತಪ್ಪಿಲ್ಲ. ಪಠ್ಯಪುಸ್ತಕಗಳ ಆ ಎರಡು ಪಟ್ಟಿಗಳು ಪರೀಕ್ಷೆಗೆ ಅನುಕೂಲ, ಆದರೆ ನಿಧಾನದ ಶಕ್ತಿಗಳೇ ಬೇರೆ, ವೇಗದ ಶಕ್ತಿಗಳೇ ಬೇರೆ ಎಂಬ ತಪ್ಪು ಕಲ್ಪನೆಯನ್ನು ಅವು ಮಕ್ಕಳ ಮನಸ್ಸಿನಲ್ಲಿ ಕೂರಿಸುತ್ತವೆ. ನೆಲದ ಮೇಲೆ ನಿಂತು ನೋಡಿದರೆ, ನಾವು ಹಠಾತ್ತು ಎಂದು ಕರೆಯುವ ಬಹುತೇಕ ಘಟನೆಗಳು ಬಹಳ ಕಾಲದಿಂದ ಸದ್ದಿಲ್ಲದೆ ನಡೆದುಬಂದ ಕೆಲಸದ ಕೊನೆಯ ಕೆಲವು ನಿಮಿಷಗಳು. ತಾತನ ಮಾತಿನಲ್ಲಿ ತಿದ್ದುಪಡಿ ಬೇಕಾದದ್ದೇನೂ ಇಲ್ಲ. ಅವರ “ಯಾವಾಗಿನಿಂದಲೋ” ಎಂಬುದನ್ನು ಮಾತ್ರ ಲಕ್ಷಾಂತರ ವರ್ಷಗಳಿಂದ ಎಂದು ಓದಿಕೊಳ್ಳಬೇಕು.

ಆ ಲಕ್ಷಾಂತರ ವರ್ಷಗಳನ್ನು ಕಣ್ಣಾರೆ ನೋಡಲು ದೂರ ಹೋಗಬೇಕಿಲ್ಲ. ಮಡಿಕೇರಿಯಿಂದ ಯಾವ ದಾರಿ ಹಿಡಿದು ಹೊರಟರೂ ರಸ್ತೆಗಾಗಿ ಗುಡ್ಡ ಕಡಿದ ಬರೆ ಒಂದಾದರೂ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ಮಕ್ಕಳನ್ನು ಸುರಕ್ಷಿತವಾದ ಒಂದು ಬರೆಯ ಎದುರು, ಸಾಕಷ್ಟು ದೂರದಲ್ಲಿ ನಿಲ್ಲಿಸಿ ಅದನ್ನು ಕೆಳಗಿನಿಂದ ಮೇಲಕ್ಕೆ ಓದಿಸಿ. ತಳದಲ್ಲಿ, ಕಂಡರೆ, ಸುತ್ತಿಗೆಗೆ ಠಣ್ ಎನ್ನುವ ಬೂದುಬಣ್ಣದ ಗಟ್ಟಿ ಶಿಲೆ ಇರುತ್ತದೆ. ಅದರ ಮೇಲಿನ ಪದರದಲ್ಲಿ ಅದೇ ಶಿಲೆಯ ಬಿಳಿ-ಕಪ್ಪು ಗೆರೆಗಳು ಹಾಗೆಯೇ ಮುಂದುವರಿದಿರುತ್ತವೆ, ನೋಟಕ್ಕೆ ಕಲ್ಲೇ, ಆದರೆ ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರುತ್ತದೆ. ಇನ್ನೂ ಮೇಲೆ ಹೋದಂತೆ ಗೆರೆಗಳು ಮಾಸಿ ಕೆಂಪು ಜೇಡಿಯಾಗುತ್ತದೆ. ತುದಿಯಲ್ಲಿ ಕಾಫಿ ಬೇರು ಹರಡಿರುವ ಒಂದೆರಡು ಮೊಳದ ಕಪ್ಪು ಮಣ್ಣು. ಎಲ್ಲೋ ಕೊಚ್ಚಿಕೊಂಡು ಬಂದು ಬಿದ್ದ ಮಣ್ಣಲ್ಲ ಇದು. ಕಲ್ಲು ನಿಂತಲ್ಲೇ ಮಣ್ಣಾದದ್ದು.

ನಿಂತಲ್ಲೇ ಮಣ್ಣಾಗುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ಕೊಡಗಿನ ಬುಡದಲ್ಲಿರುವುದು ಬಹುಮಟ್ಟಿಗೆ ನೈಸ್ ಮತ್ತು ಚಾರ್ನೊಕೈಟ್ ಜಾತಿಯ ಶಿಲೆಗಳು; ವಯಸ್ಸು 250 ಕೋಟಿ ವರ್ಷಗಳಿಗೂ ಮೇಲು. ಬೀಳುವ ಮಳೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ, ಕೊಳೆಯುತ್ತಿರುವ ಎಲೆ-ಬೇರುಗಳ ನಡುವೆ ಇಳಿಯುವಾಗ ಅದಕ್ಕಿಂತ ಹೆಚ್ಚಿನದನ್ನೂ ಕರಗಿಸಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಈ ಹುಳಿನೀರು ಶಿಲೆಯ ಬಿರುಕುಗಳಲ್ಲಿ ಇಳಿದು ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ತಿನ್ನುತ್ತದೆ. ಅದರೊಳಗಿನ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ನೀರಿನ ಜೊತೆ ಹೊರಟುಹೋಗುತ್ತವೆ. ಉಳಿಯುವುದು ಕೆಯೊಲಿನ್ ಎಂಬ ನುಣುಪಾದ ಜೇಡಿ. ಕಪ್ಪು ಖನಿಜಗಳಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಬರುತ್ತದೆ. ಬೆಣಚುಕಲ್ಲಿನ ಹರಳುಗಳು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಬಿಸಿಯೂ ತೇವವೂ ಕೂಡಿರುವ ಮಡಿಕೇರಿಯಂಥ ಕಡೆ ಈ ಕೆಲಸಕ್ಕೆ ಬಿಡುವೆಂಬುದೇ ಇಲ್ಲ. ಕಲ್ಲು ತನ್ನ ತೂಕದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ, ಆದರೆ ಜಾಗ ಅಷ್ಟೇ ಇರುತ್ತದೆ. ಹಾಗಾಗಿ ಒಳಗೆಲ್ಲ ಸೂಕ್ಷ್ಮ ರಂಧ್ರಗಳು. ಹೊರಗಿನಿಂದ ಗುಡ್ಡದ ಆಕಾರ ಕಿಂಚಿತ್ತೂ ಬದಲಾಗಿಲ್ಲ, ಒಳಗೆ ಅದು ಹತ್ತಿಪ್ಪತ್ತು ಮೀಟರ್ ದಪ್ಪದ ಸ್ಪಂಜಾಗಿದೆ.

ಘಟ್ಟದ ಕೆಳಗೆ ಇದೇ ಕೆಲಸ ಇನ್ನೂ ಮುಂದೆ ಹೋಗಿ ಸಿಲಿಕಾ ಕೂಡ ತೊಳೆದುಹೋದಾಗ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದು ಜಂಬಿಟ್ಟಿಗೆಯಾಗುತ್ತದೆ. ದಕ್ಷಿಣ ಕನ್ನಡದವರು ಮುರಕಲ್ಲು ಎನ್ನುವುದೂ ಉತ್ತರ ಕನ್ನಡದವರು ಚಿರೆಕಲ್ಲು ಎನ್ನುವುದೂ ಅದನ್ನೇ. 1800ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕತ್ತರಿಸುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮ ‘ಜಂಬಿಟ್ಟಿಗೆ’ಯಲ್ಲೂ ಇಟ್ಟಿಗೆ ಇದೆ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ. ಈ ಗಟ್ಟಿ ಹೊದಿಕೆಯ ಕೆಳಗೆ ಅನೇಕ ಕಡೆ ಮೆತ್ತನೆಯ ಶೇಡಿಮಣ್ಣು ಇರುತ್ತದೆ. ಮೇಲಿನದನ್ನು ಕಡಿದು ಅದನ್ನು ಮಳೆಗೆ ಒಡ್ಡಿದರೆ ಗುಡ್ಡ ಜರಿಯುತ್ತದೆ ಎಂಬುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ.

ಈ ನಿಧಾನವನ್ನು ಅಳೆಯುವುದು ಸಾಧ್ಯವೇ? ಸಾಧ್ಯ, ಮತ್ತು ಅಳೆಯುವ ಉಪಾಯ ಸೊಗಸಾಗಿದೆ. ಬಾಹ್ಯಾಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳು ನೆಲದ ಮೇಲಿನ ಒಂದೆರಡು ಮೀಟರ್ ಆಳದವರೆಗೆ ಮಾತ್ರ ಹೆಚ್ಚಾಗಿ ಇಳಿಯಬಲ್ಲವು. ಬೆಣಚಿನ ಹರಳಿನೊಳಗಿನ ಆಮ್ಲಜನಕದ ಪರಮಾಣುವಿಗೆ ಅವು ಬಡಿದಾಗ, ಬಹಳ ಅಪರೂಪಕ್ಕೆ, ಬೆರಿಲಿಯಂ-10 ಎಂಬ ಪರಮಾಣು ಹುಟ್ಟುತ್ತದೆ. ನೆಲ ನಿಧಾನವಾಗಿ ಸವೆಯುತ್ತಿದ್ದರೆ ಹರಳು ಮೇಲ್ಮೈಯ ಹತ್ತಿರ ಹೆಚ್ಚು ಕಾಲ ಬಿಸಿಲು ಕಾಯಿಸಿದಂತೆ ಕೂತು ಇಂಥ ಪರಮಾಣುಗಳನ್ನು ಹೆಚ್ಚು ಕೂಡಿಟ್ಟುಕೊಂಡಿರುತ್ತದೆ. ಬೇಗ ಸವೆಯುತ್ತಿದ್ದರೆ ಕಡಿಮೆ. ಒಂದು ಹೊಳೆಯ ಮರಳನ್ನು ಬೊಗಸೆಯಷ್ಟು ತಂದು ಅದರೊಳಗಿನ ಬೆರಿಲಿಯಂ-10 ಎಣಿಸಿದರೆ ಆ ಹೊಳೆಯ ಇಡೀ ಜಲಾನಯನ ಎಷ್ಟು ವೇಗದಲ್ಲಿ ಸವೆಯುತ್ತಿದೆ ಎಂದು ಲೆಕ್ಕ ಹಾಕಬಹುದು. ದಕ್ಷಿಣ ಭಾರತದಲ್ಲಿ ಈ ಲೆಕ್ಕ ಹಾಕಿದಾಗ, ಘಟ್ಟದ ಮೇಲಿನ ಏರಿಳಿತ ಕಡಿಮೆ ಇರುವ ಪ್ರಸ್ಥಭೂಮಿ ಹತ್ತು ಲಕ್ಷ ವರ್ಷಕ್ಕೆ ಸುಮಾರು 10 ಮೀಟರಿನಷ್ಟು ಸವೆಯುತ್ತದೆ, ಪಶ್ಚಿಮಕ್ಕೆ ಕಡಿದಾಗಿ ಇಳಿಯುವ ಘಟ್ಟದ ಮುಖ ಅದರ ಹಲವು ಪಟ್ಟು, ಕೆಲವೆಡೆ ಹತ್ತು ಪಟ್ಟು ವೇಗದಲ್ಲಿ ಸವೆಯುತ್ತದೆ ಎಂದು ತಿಳಿದುಬಂದಿದೆ. ಮಕ್ಕಳಿಗೆ ಹೇಳುವುದಾದರೆ, ಘಟ್ಟದ ಮೇಲೆ ಒಂದು ಸೆಂಟಿಮೀಟರ್ ನೆಲ ಸವೆಯಲು ಸಾವಿರ ವರ್ಷ.

ಇಲ್ಲಿಯೇ ಒಂದು ಎಚ್ಚರ ಬೇಕು, ನನ್ನ ಮಟ್ಟಿಗೆ ಇಡೀ ಉತ್ತರದ ತಿರುಳೂ ಇದೇ. ಈ ಅಂಕಿ ಸರಾಸರಿ. ಕಡಿದಾದ ಘಟ್ಟದ ಮುಖ ಸಾವಿರ ವರ್ಷಕ್ಕೆ ಐದು ಸೆಂಟಿಮೀಟರ್ ಸವೆಯುತ್ತದೆ ಎಂದಿಟ್ಟುಕೊಳ್ಳಿ. ಆ ಇಳಿಜಾರಿನ ಪ್ರತಿಯೊಂದು ಗೇಣು ನೆಲವೂ ಪ್ರತಿ ವರ್ಷ ಕೂದಲೆಳೆಯಷ್ಟು ತೆಳ್ಳಗಾಗುತ್ತ ಹೋಗುತ್ತದೆ ಎಂದು ಅದರ ಅರ್ಥವಲ್ಲ. ಒಂದು ತಾಣದಲ್ಲಿ ಒಂದು ಲಕ್ಷ ವರ್ಷ ಹೆಚ್ಚುಕಡಿಮೆ ಏನೂ ಆಗದೆ ಇದ್ದು, ಒಂದು ರಾತ್ರಿ ಐದು ಮೀಟರ್ ದಪ್ಪದ ಮಣ್ಣು ಎರಡು ನಿಮಿಷದಲ್ಲಿ ಕೆಳಗಿಳಿದು ಹೋದರೂ ಸರಾಸರಿ ಅದೇ ಐದು ಸೆಂಟಿಮೀಟರ್. ಲೆಕ್ಕದ ಪುಸ್ತಕದಲ್ಲಿ ನಿಧಾನ ಎಂದು ಕಾಣುವುದು ಗುಡ್ಡದ ಮೇಲೆ ಅನೇಕ ಸಲ ಹಠಾತ್ತುಗಳ ಮೊತ್ತವೇ ಆಗಿರುತ್ತದೆ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಹಂಪಿಗೆ ಹೋದವರಿಗೆ ಆ ಬಂಡೆರಾಶಿಗಳನ್ನು ನೋಡಿದಾಗ ಏನೋ ಭಯಂಕರವಾದದ್ದು ಒಂದೇ ಏಟಿಗೆ ನಡೆದುಹೋಗಿದೆ ಎನ್ನಿಸುತ್ತದೆ. ವಾಲಿ-ಸುಗ್ರೀವರ ಕಾಳಗದಲ್ಲಿ ಎಸೆದಾಡಿದ ಕಲ್ಲುಗಳು ಎಂಬ ಮಾತು ಹುಟ್ಟಿದ್ದೂ ಆ ನೋಟದಿಂದಲೇ. ವಾಸ್ತವದಲ್ಲಿ ಅಲ್ಲಿ ಬಹುಪಾಲು ಬಂಡೆಗಳು ಎಲ್ಲಿಂದಲೂ ಬಂದು ಬಿದ್ದಿಲ್ಲ. ನೆಲದೊಳಗಿದ್ದ ಗ್ರಾನೈಟ್ ಅಡ್ಡ-ಉದ್ದ ಬಿರುಕುಗಳಿಂದ ಚೌಕಚೌಕವಾಗಿ ಸೀಳಿತ್ತು. ಬಿರುಕುಗಳಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ತಿಂದು ಪ್ರತಿ ತುಂಡನ್ನೂ ದುಂಡಗೆ ಮಾಡಿತು. ಆಮೇಲೆ ಸುತ್ತಲಿನ ಮಣ್ಣು ತೊಳೆದುಹೋಗಿ ಗುಂಡುಗಳು ಒಂದರ ಮೇಲೊಂದು ಇದ್ದಲ್ಲಿಯೇ ಉಳಿದವು. ಮಡಿಕೇರಿಯ ಬರೆಯೊಳಗೆ ಈಗ ನಡೆಯುತ್ತಿರುವ ಕೆಲಸದ ಮುಂದಿನ ಅಧ್ಯಾಯ ಅದು, ಬೇರೆ ಹವೆಯಲ್ಲಿ.

ಈಗ 2018ರ ಆಗಸ್ಟ್ ನಡುವಿನ ಆ ದಿನಗಳಿಗೆ ಬರೋಣ. ಮಳೆಗೆ ಮಣ್ಣು ನುಣುಪಾಗಿ ಎಣ್ಣೆ ಸವರಿದಂತೆ ಜಾರಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಡಲ ತೀರದಲ್ಲಿ ಮಕ್ಕಳು ಮರಳಿನ ಗೂಡು ಕಟ್ಟುವುದನ್ನು ನೆನೆಯಿರಿ. ಒಣ ಮರಳು ನಿಲ್ಲುವುದಿಲ್ಲ. ತುಸು ಒದ್ದೆಯಾದ ಮರಳು ನೆಟ್ಟಗೆ ನಿಲ್ಲುತ್ತದೆ, ಏಕೆಂದರೆ ಕಣಗಳ ನಡುವಿನ ತೆಳು ನೀರಿನ ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಅಲೆ ಬಂದು ಪೂರ್ತಿ ನೆನೆದಾಗ ಅದೇ ಗೂಡು ಕುಸಿದು ಹರಿದುಹೋಗುತ್ತದೆ. ಗುಡ್ಡದೊಳಗೆ ನಡೆಯುವುದೂ ಇದೇ. ಜೂನ್, ಜುಲೈ ಎರಡೂ ತಿಂಗಳ ಮಳೆ ಕುಡಿದು ಸ್ಪಂಜು ತುಂಬಿತ್ತು. ಅದರ ಮೇಲೆ ಆಗಸ್ಟ್‌ನಲ್ಲಿ ದಿನಗಟ್ಟಲೆ ಬಿಡದೆ ಸುರಿಯಿತು. ಇಂಗಿದ ನೀರು ಕೆಳಗಿನ ಗಟ್ಟಿ ಶಿಲೆಯನ್ನು ದಾಟಲಾಗದೆ ಅದರ ಮೇಲೆ ನಿಂತು, ರಂಧ್ರಗಳೊಳಗೆ ಒತ್ತಡ ಏರಿತು. ಮಣ್ಣಿನ ಕಣಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದು ಘರ್ಷಣೆ ಕೊಡುತ್ತಿದ್ದದ್ದು ಮೇಲಿನ ಮಣ್ಣಿನ ಭಾರ. ಆ ಭಾರದ ಒಂದು ಪಾಲನ್ನು ಈಗ ನೀರೇ ಹೊರತೊಡಗಿತು. ಗುಡ್ಡ ತನ್ನೊಳಗಿನ ನೀರಿನ ಮೇಲೆ ಅಷ್ಟರಮಟ್ಟಿಗೆ ತೇಲಿತು ಎನ್ನಬಹುದು. ಜೊತೆಗೆ ನೀರಿನ ತೂಕವೂ ಕೆಳಕ್ಕೆ ಎಳೆಯುತ್ತಿತ್ತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಮೊದಲಾದ ಕಡೆ ಇಳಿಜಾರುಗಳು ಒಂದರ ಹಿಂದೆ ಒಂದು ಬಿಟ್ಟುಕೊಟ್ಟವು.

ಕೊಡಗಿನ ಜನ ಇದನ್ನು ಜಲಸ್ಫೋಟ ಎಂದು ಕರೆದರು. ನನ್ನ ಕೆಲವು ಸಹೋದ್ಯೋಗಿಗಳು ಆ ಪದ ಅವೈಜ್ಞಾನಿಕ ಎಂದು ಮೂಗು ಮುರಿದದ್ದುಂಟು. ನಾನು ಒಪ್ಪುವುದಿಲ್ಲ. ಒತ್ತಡಕ್ಕೊಳಗಾದ ನೀರು ಮಣ್ಣಿನೊಳಗಿನ ಕೊಳವೆಗಳಂಥ ಬಿಲಗಳಿಂದ ರಭಸವಾಗಿ ಹೊರಚಿಮ್ಮಿ, ಆ ಹಿಂದೆಯೇ ಗುಡ್ಡ ಬಿರಿಯುವುದನ್ನು ಕಂಡವರು ಆಯ್ದುಕೊಂಡ ಪದ ಅದು; ನಮ್ಮ ‘ರಂಧ್ರ ಜಲದ ಒತ್ತಡ’ ಎಂಬ ಪಾರಿಭಾಷಿಕಕ್ಕಿಂತ ಅದು ಘಟನೆಗೆ ಹತ್ತಿರವಾಗಿದೆ.

ಆ ವರ್ಷ ಜುಲೈನಲ್ಲಿ ಕೊಡಗಿನ ಕೆಲವೆಡೆ ಅನುಭವಕ್ಕೆ ಬಂದ ಲಘು ಕಂಪನವೇ ಕಾರಣ ಎಂಬ ವಾದವನ್ನೂ ನಿಮ್ಮ ಮಕ್ಕಳು ಕೇಳಿರುತ್ತಾರೆ. ಭೂಕಂಪದಿಂದ ಇಳಿಜಾರು ಕುಸಿಯಬೇಕಾದರೆ ಅದರ ಪ್ರಮಾಣ ಸಾಮಾನ್ಯವಾಗಿ 4ರ ಆಸುಪಾಸಿನಿಂದ ಮೇಲಿರಬೇಕು, ಕುಸಿತವೂ ಬಹುಮಟ್ಟಿಗೆ ಆ ಹೊತ್ತಿನಲ್ಲೇ ಆಗುತ್ತದೆ. ಅದಕ್ಕಿಂತ ಕಡಿಮೆಯ ಒಂದು ಕಂಪನ, ಅದೂ ಐದು ವಾರ ಮೊದಲು ಆದದ್ದು, ಕಾರಣವಾಗಿತ್ತೆಂದು ಒಪ್ಪುವುದು ಕಷ್ಟ. ಮನುಷ್ಯನ ಕೈವಾಡದ ಮಾತು ಬೇರೆ. ಇಳಿಜಾರಿನ ಬುಡ ಕಡಿದು ಮನೆಗೆ, ಹೋಂಸ್ಟೇಗೆ, ರಸ್ತೆಗೆ ಜಾಗ ಮಾಡಿದರೆ ಮೇಲಿನ ಮಣ್ಣಿಗೆ ಒರಗಲು ಗೋಡೆ ಇಲ್ಲದಂತಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲಿನ ಗುಡ್ಡ ಜರಿದು ಗಂಗಾವಳಿ ನದಿಗೆ ನುಗ್ಗಿದಾಗ ಎದ್ದ ನೀರು ಆಚೆ ದಡದ ಮನೆಗಳನ್ನೂ ಬಡಿಯಿತು. ಅಲ್ಲಿ ಬುಡ ಕಡಿದದ್ದು ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಕಾಫಿ ತೋಟದಲ್ಲಿ ತೊಟ್ಟಿಲು ಗುಂಡಿ, ಇಂಗುಗುಂಡಿ ತೆಗೆದು ನೀರಿಂಗಿಸುವುದು ಇಳಿಜಾರು ಕಡಿಮೆ ಇರುವ ಕಡೆ ಒಳ್ಳೆಯ ಕೃಷಿ, ಆದರೆ ದಪ್ಪ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ಅದು ತುಂಬಿದ ಸ್ಪಂಜಿಗೆ ಇನ್ನಷ್ಟು ನೀರು ಹನಿಸಿದಂತೆ. ಹಾಗೆಂದು ಎಲ್ಲವನ್ನೂ ಮನುಷ್ಯನ ತಲೆಗೆ ಕಟ್ಟುವುದೂ ಸರಿಯಲ್ಲ. ಮನುಷ್ಯನ ಸುಳಿವಿಲ್ಲದ ಕಾಡಿನ ಇಳಿಜಾರುಗಳೂ ಕುಸಿಯುತ್ತವೆ, ಕೊಡಲಿ-ಜೆಸಿಬಿಗಳು ಹುಟ್ಟುವ ಮೊದಲೂ ಕುಸಿಯುತ್ತಿದ್ದವು. ನಾವು ಮಾಡುವುದು ಸಾವಿರ ವರ್ಷದ ಆಮೇಲೆ ಬೀಳಬೇಕಾದದ್ದನ್ನು ಈ ವರ್ಷವೇ ಬೀಳುವಂತೆ ಮಾಡುವುದು.

ಘಟ್ಟದ ಕಣಿವೆಗಳ ಆಕಾರವೇ ಅಂಥ ಹಳೆಯ ಕುಸಿತಗಳಿಗೆ ಸಾಕ್ಷಿ. ಬೆಟ್ಟದ ನೆತ್ತಿಯ ಕೆಳಗೆ ಬೊಗಸೆಯಂತೆ ಒಳಬಾಗಿದ ತಗ್ಗುಗಳನ್ನು ನೀವು ನೋಡಿರಬೇಕು. ಅವುಗಳ ಬಾಯಿಯಿಂದಲೇ ಕೊಲ್ಲಿಗಳು, ಅಂದರೆ ಬೆಟ್ಟದ ತೊರೆಗಳು, ಹುಟ್ಟುತ್ತವೆ. ಸುತ್ತಲಿನ ಇಳಿಜಾರುಗಳಿಂದ ಮಣ್ಣು ಇರುವೆ, ಹಂದಿ, ಬಿದ್ದ ಮರದ ಬೇರು, ಮಳೆಹನಿ ಇವುಗಳ ಕೈಯಲ್ಲಿ ಇಂಚಿಂಚಾಗಿ ಜರುಗಿ ಆ ಬೊಗಸೆಯಲ್ಲಿ ಸೇರುತ್ತ ಹೋಗುತ್ತದೆ. ಸಾವಿರಾರು ವರ್ಷ ತುಂಬಿ, ಮಣ್ಣು ಒಂದು ದಪ್ಪ ಮುಟ್ಟಿದ ಮೇಲೆ, ದೊಡ್ಡ ಮಳೆಯೊಂದು ಬಂದು ಬೊಗಸೆಯನ್ನು ಬರಿದು ಮಾಡುತ್ತದೆ. ಮತ್ತೆ ತುಂಬಲು ಆರಂಭ. ತುಂಬುವುದು ನಿಧಾನದ ಪಟ್ಟಿಯ ಕೆಲಸ, ಬರಿದಾಗುವುದು ವೇಗದ ಪಟ್ಟಿಯ ಕೆಲಸ, ಆದರೆ ಎರಡೂ ಸೇರಿದರೆ ಮಾತ್ರ ಕಣಿವೆ. ಬಿದ್ದ ಮಣ್ಣೂ ಅಲ್ಲಿಯೇ ನಿಲ್ಲುವುದಿಲ್ಲ. ಹಟ್ಟಿಹೊಳೆಯ ಕಡೆಯ ಕೆಸರು ಗದ್ದೆಗಳನ್ನು ಮುಚ್ಚಿ, ಉಳಿದದ್ದು ಹಾರಂಗಿ ಜಲಾಶಯದ ತಳ ಸೇರಿತು. ಜೋಡುಪಾಲದ್ದು ಪಯಸ್ವಿನಿಯನ್ನು ಹಿಡಿದು ಪಶ್ಚಿಮಕ್ಕೆ ಇಳಿಯಿತು. ಹೊಳೆ ಅದನ್ನು ಇನ್ನೂ ಎಷ್ಟೋ ಮಳೆಗಾಲ ಸ್ವಲ್ಪಸ್ವಲ್ಪವಾಗಿ ಸಾಗಿಸುತ್ತಲೇ ಇರುತ್ತದೆ.

ಹೊಳೆಯ ಕೆಲಸದಲ್ಲೂ ಇದೇ ಲೆಕ್ಕಾಚಾರ. ನದಿ ಮಣ್ಣು ಸಾಗಿಸುವುದು ದಿನನಿತ್ಯದ ಹರಿವಿನಲ್ಲೋ, ಶತಮಾನಕ್ಕೊಮ್ಮೆ ಬರುವ ಮಹಾಪ್ರವಾಹದಲ್ಲೋ ಎಂಬ ಪ್ರಶ್ನೆಯನ್ನು 1960ರಲ್ಲಿ ವೋಲ್ಮನ್ ಮತ್ತು ಮಿಲ್ಲರ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಎತ್ತಿದರು. ಅವರು ನೋಡಿದ ನದಿಗಳಲ್ಲಿ ಹೆಚ್ಚಿನ ಸಾಗಣೆ ನಡೆದದ್ದು ವರ್ಷ, ಎರಡು ವರ್ಷಕ್ಕೊಮ್ಮೆಯಾದರೂ ಬರುವ ಮಧ್ಯಮ ನೆರೆಗಳಲ್ಲಿ. ನಮ್ಮ ಘಟ್ಟದ ಕಡಿದಾದ ಹೊಳೆಗಳಿಗೆ ಇದನ್ನು ಹಾಗೆಯೇ ಅನ್ವಯಿಸಲು ನನಗೆ ಮನಸ್ಸಿಲ್ಲ. ಆನೆಗಾತ್ರದ ಬಂಡೆಯನ್ನು ಮಧ್ಯಮ ನೆರೆ ಅಲುಗಿಸುವುದಿಲ್ಲ; ಅದು ಕಾಯುವುದು ಮಹಾಪ್ರವಾಹಕ್ಕೇ.

ಬಯಲಿನ ನದಿಗೆ ಉದಾಹರಣೆ ಬೇಕಾದರೆ ತಲಕಾಡು ಇದೆ. “ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ” ಎಂಬ ಅಲಮೇಲಮ್ಮನ ಶಾಪದ ಕಥೆ ಮಕ್ಕಳಿಗೆ ಗೊತ್ತು. ಹರಿಯುವ ನೀರು ತಿರುವಿನ ಒಂದು ದಡವನ್ನು ಕೊರೆದು ಮಡು ಮಾಡುವುದು, ಎದುರು ದಡದಲ್ಲಿ ಮರಳು ಬಿಡುವುದು ಎಲ್ಲ ನದಿಗಳ ಸ್ವಭಾವ. ಆ ಸಾಲನ್ನು ಕಟ್ಟಿದವರು ಕಾವೇರಿಯನ್ನು ಚೆನ್ನಾಗಿ ನೋಡಿದ್ದವರೇ ಇರಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಮಾಧವ ಮಂತ್ರಿ ಕಟ್ಟಿಸಿದನೆನ್ನುವ ಅಣೆಯಿಂದ ಬೇಸಿಗೆಯ ನದೀಪಾತ್ರದಲ್ಲಿ ಮರಳು ಹೆಚ್ಚು ತೆರೆದುಕೊಂಡಿತು, ಗಾಳಿ ಅದನ್ನು ಎತ್ತಿ ಊರಿನ ಮೇಲೆ ಹಾಕಿತು ಎಂಬುದು ಹಲವರು ಒಪ್ಪುವ ವಿವರಣೆ. ಗುಡಿಗಳು ಹೂತುಹೋದದ್ದು ಲಕ್ಷಾಂತರ ವರ್ಷಗಳಲ್ಲಿ ಅಲ್ಲ, ಒಂದು ರಾತ್ರಿಯಲ್ಲೂ ಅಲ್ಲ, ಕೆಲವು ತಲೆಮಾರುಗಳಲ್ಲಿ. ನಿಮ್ಮ ಎರಡು ಪಟ್ಟಿಗಳಲ್ಲಿ ಇದಕ್ಕೂ ಜಾಗವಿಲ್ಲ ನೋಡಿ.

ಭೂಮಿಯ ಒಳಗಿನ ಶಕ್ತಿಗಳು ಬೇರೆ ರೀತಿ ಇರಬಹುದೆಂದು ನೀವು ಕೇಳಬಹುದು. ಅಲ್ಲಿ ಈ ನಂಟು ಇನ್ನೂ ಸ್ಪಷ್ಟ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರ-ಈಶಾನ್ಯಕ್ಕೆ ಸರಿಯುತ್ತಿದೆ, ಅಂದರೆ ನಮ್ಮ ಉಗುರು ಬೆಳೆಯುವ ವೇಗಕ್ಕಿಂತ ತುಸು ಹೆಚ್ಚು. ಅದರಲ್ಲಿ ಸುಮಾರು 2 ಸೆಂಟಿಮೀಟರಿನಷ್ಟು ಹಿಮಾಲಯದ ಬುಡದಲ್ಲಿ ಕೂಡಿಬೀಳುತ್ತದೆ. ಅಲ್ಲಿನ ಸ್ತರಭಂಗ, ಅಂದರೆ ಶಿಲೆಗಳು ಒಡೆದು ಒಂದರ ಮೇಲೊಂದು ಜಾರುವ ಬಿರುಕು, ಅಂಟಿಕೊಂಡು ಕೂತಿರುವುದರಿಂದ ಜಾರುವುದಿಲ್ಲ. ಶಿಲೆ ಬಿಲ್ಲಿನಂತೆ ಬಾಗುತ್ತ ಹೋಗುತ್ತದೆ. ಇನ್ನೂರು ವರ್ಷಕ್ಕೆ ನಾಲ್ಕು ಮೀಟರ್ ಬಾಕಿ. 2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾದಲ್ಲಿ 7.8 ಪ್ರಮಾಣದ ಭೂಕಂಪವಾದಾಗ ಅಂಥ ಬಾಕಿಯ ಒಂದು ಭಾಗ ಒಂದು ನಿಮಿಷದ ಆಸುಪಾಸಿನಲ್ಲಿ ತೀರಿತು. ಕಠ್ಮಂಡು ಕಣಿವೆ ಸುಮಾರು ಒಂದು ಮೀಟರಿನಷ್ಟು ಮೇಲೆದ್ದಿತು, ಅದರ ಉತ್ತರದ ಎತ್ತರದ ಪರ್ವತಭಾಗ ಸ್ವಲ್ಪ ತಗ್ಗಿತು. ಅದೇ ಭೂಕಂಪ ಸಾವಿರಾರು ಕಡೆ ಇಳಿಜಾರುಗಳನ್ನು ಕೆಡವಿತು. ಹಾಗಾದರೆ ಭೂಕಂಪ ಪರ್ವತವನ್ನು ಎತ್ತುತ್ತದೆಯೋ ಇಳಿಸುತ್ತದೆಯೋ? 2008ರ ಚೀನಾದ ವೆಂಚುವಾನ್ ಭೂಕಂಪದ ನಂತರ, ಎತ್ತಿದ್ದಕ್ಕಿಂತ ಕೆಡವಿದ್ದೇ ಹೆಚ್ಚಿರಬಹುದೇ ಎಂದು ವಿಜ್ಞಾನಿಗಳು ಗಂಭೀರವಾಗಿ ಚರ್ಚಿಸಿದ್ದಾರೆ.

ಎತ್ತಿದ ನೆಲವನ್ನು ನದಿ ಹೇಗೆ ಎದುರಿಸುತ್ತದೆ ಎಂಬುದಕ್ಕೆ ಗುಜರಾತಿನ ಕಚ್ ಪ್ರದೇಶಕ್ಕಿಂತ ಒಳ್ಳೆಯ ಪಾಠವಿಲ್ಲ. 1819ರ ಜೂನ್ 16ರ ಭೂಕಂಪದಲ್ಲಿ ರಣ್ ಎಂಬ ಅಲ್ಲಿನ ಉಪ್ಪುಬಯಲಿನ ಸಮತಟ್ಟು ನೆಲದ ನಡುವೆ ಹತ್ತಾರು ಕಿಲೋಮೀಟರ್ ಉದ್ದದ, ಕೆಲವು ಮೀಟರ್ ಎತ್ತರದ ದಿಬ್ಬವೊಂದು ಎದ್ದಿತು. ಮನುಷ್ಯರು ಕಟ್ಟಿದ ಒಡ್ಡಲ್ಲವಾದ್ದರಿಂದ ಜನ ಅದನ್ನು ಅಲ್ಲಾಹ್ ಬಂದ್, ದೇವರ ಒಡ್ಡು ಎಂದು ಕರೆದರು. ಅದರ ದಕ್ಷಿಣಕ್ಕಿದ್ದ ಸಿಂಧ್ರಿ ಕೋಟೆಯ ಸುತ್ತಲಿನ ನೆಲ ಕುಸಿದು ನೀರು ತುಂಬಿತು. ದಿಬ್ಬ ಸಿಂಧೂ ನದಿಯ ಒಂದು ಹಳೆಯ ಕವಲಿಗೆ ಅಡ್ಡವಾಗಿತ್ತು. 1826ರ ನೆರೆಯಲ್ಲಿ ನದಿ ಅದನ್ನು ಸೀಳಿಕೊಂಡು ಹೋಯಿತು. ಕ್ಷಣದಲ್ಲಿ ಎದ್ದದ್ದಕ್ಕೆ ಏಳು ವರ್ಷದಲ್ಲಿ ಉತ್ತರ.

ಜ್ವಾಲಾಮುಖಿಯ ಬಗ್ಗೆ ಒಂದೇ ಮಾತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಪ್ರವಾಹಗಳ ಸರಮಾಲೆ. ಡೆಕ್ಕನ್ನಿನ ಇಂಥ ಲಾವಾ ಪದರಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ತೆಳು ಪಟ್ಟೆಗಳು ಸಿಗುತ್ತವೆ. ಒಂದು ಪ್ರವಾಹ ಆರಿ, ಅದರ ಮೇಲ್ಮೈ ಮಳೆ-ಗಾಳಿಗೆ ಮಣ್ಣಾಗುವಷ್ಟು ಕಾಲ ಕಳೆದು, ಆ ಮೇಲೆ ಮುಂದಿನದು ಬಂದು ಮುಚ್ಚಿದ ಗುರುತು ಅದು. ವೇಗ, ನಿಧಾನ, ವೇಗ, ನಿಧಾನ ಎಂದು ಬಂಡೆಯೇ ಬರೆದಿಟ್ಟಿದೆ.

ನಿಮ್ಮ ಎರಡನೆಯ ಪ್ರಶ್ನೆ, ಬೆಟ್ಟಗಳು ಯಾಕೆ ಮಟ್ಟಸವಾಗಲಿಲ್ಲ ಎಂಬುದು. ಸವೆಯುವ ವೇಗ ಕಡಿಮೆ ಎಂಬುದು ಅರ್ಧ ಉತ್ತರ. ಇನ್ನರ್ಧ ಉತ್ತರ, ಭೂಮಿಯ ಹೊರಚಿಪ್ಪು ಅದಕ್ಕಿಂತ ಸಾಂದ್ರವಾದ ಒಳಪದರದ ಮೇಲೆ ಒಂದರ್ಥದಲ್ಲಿ ತೇಲುತ್ತಿದೆ ಎಂಬುದು. ಮರಳು ತುಂಬಿದ ದೋಣಿಯನ್ನು ನೇತ್ರಾವತಿಯ ದಕ್ಕೆಯಲ್ಲಿ ಖಾಲಿ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಬುಟ್ಟಿಬುಟ್ಟಿ ಮರಳು ಇಳಿದಂತೆ ದೋಣಿ ನೀರಿನಿಂದ ಮೇಲೇಳುತ್ತ ಬರುತ್ತದೆ. ವಿಶಾಲವಾದ ಪ್ರದೇಶದಲ್ಲಿ ನೂರು ಮೀಟರ್ ಶಿಲೆ ಸವೆದುಹೋದರೆ ಚಿಪ್ಪು ಸುಮಾರು ಎಂಬತ್ತು ಮೀಟರ್ ಮೇಲೇಳುತ್ತದೆ, ನಿಜವಾಗಿ ತಗ್ಗುವುದು ಇಪ್ಪತ್ತು ಮೀಟರ್ ಮಾತ್ರ. ಘಟ್ಟದಲ್ಲಿ ಇನ್ನೊಂದು ವಿಶೇಷವಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ ಜ್ವಾಲಾಮುಖಿ ಶಿಲೆಗಳು ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಕಂಬಗಳಾಗಿ ನಿಂತಿವೆ. ಆ ಬೇರ್ಪಡೆಯಿಂದ ಅಂಚಾದ ಈ ನೆಲದಲ್ಲಿ ಪಶ್ಚಿಮದ ಕಡಿದಾದ ಮುಖ ಬೇಗ ಸವೆಯುತ್ತದೆ, ಪೂರ್ವದ ಪ್ರಸ್ಥಭೂಮಿ ಬಹಳ ನಿಧಾನ. ಹಗುರಾದ ಅಂಚು ಮೇಲೇಳುವಾಗ ಪಕ್ಕದ ಪ್ರಸ್ಥಭೂಮಿಯ ಅಂಚನ್ನೂ ತುಸು ಎತ್ತುತ್ತದೆ. ಸಮುದ್ರಕ್ಕೆ ಕೂಗಳತೆಯಲ್ಲಿ ಹುಟ್ಟುವ ಕಾವೇರಿ ಪಶ್ಚಿಮಕ್ಕೆ ಇಳಿಯದೆ ಇಡೀ ಪರ್ಯಾಯದ್ವೀಪವನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುವುದು ಈ ಓರೆ ನೆಲದಿಂದಲೇ.

ಇನ್ನು ಕೊನೆಯದು, ನಿಮಗೆ ಅತ್ಯಂತ ಮುಖ್ಯವಾದದ್ದು. ಕುಸಿದ ಜಾಗ ಮತ್ತೆ ಕುಸಿಯುತ್ತದೆಯೇ? ಮಣ್ಣೆಲ್ಲ ಹೋಗಿ ಗಟ್ಟಿ ಶಿಲೆ ಬಯಲಾಗಿರುವ ಭಾಗದಲ್ಲಿ ಮೊದಲಿನಂಥ ಕುಸಿತಕ್ಕೆ ಬೇಕಾದ ಸರಕೇ ಇಲ್ಲ. ಅದು ತಯಾರಾಗಲು ಇನ್ನೆಷ್ಟೋ ಸಾವಿರ ವರ್ಷ ಬೇಕು. ಆದರೆ ಗಾಯದ ಅಂಚುಗಳ ಮಾತು ಹಾಗಲ್ಲ. ನೆತ್ತಿಯ ಭಾಗದಲ್ಲಿ ಅರ್ಧ ಜಾರಿ ನಿಂತ ಮಣ್ಣು, ಅರ್ಧಚಂದ್ರಾಕಾರದ ಬಿರುಕುಗಳು, ಬಾಗಿ ನಿಂತ ಮರಗಳು ಇದ್ದರೆ ಅಲ್ಲಿ ಕೆಲಸ ಇನ್ನೂ ಮುಗಿದಿಲ್ಲವೆಂದು ತಿಳಿಯಬೇಕು. ಬಿರುಕಿಗೆ ಮಳೆನೀರು ನೇರವಾಗಿ ಇಳಿಯುತ್ತದೆ. ಕಣಿವೆಯ ತಳದಲ್ಲಿ ರಾಶಿಬಿದ್ದ ಸಡಿಲ ಮಣ್ಣು ಮುಂದಿನ ದೊಡ್ಡ ಮಳೆಗೆ ಮತ್ತೆ ಎದ್ದು ಹರಿಯಬಲ್ಲದು, ಹಾಗಾಗಿ ಅದನ್ನು ಸಮ ಮಾಡಿ ಮನೆ ಕಟ್ಟುವುದು ಸಲ್ಲದು. ಇವೆಲ್ಲಕ್ಕಿಂತ ನನ್ನ ಗಮನ ಹೋಗುವುದು 2018ರಲ್ಲಿ ಏನೂ ಆಗದೆ ಉಳಿದ ಪಕ್ಕದ ಬೊಗಸೆಯ ಕಡೆಗೆ. ಅದೇ ಶಿಲೆ, ಅದೇ ಇಳಿಜಾರು, ಅದೇ ಮಳೆ, ಇನ್ನೂ ಬರಿದಾಗಿಲ್ಲ. ಊರಿನ ಹೊಳೆ ಮಳೆ ನಿಂತ ಮೇಲೂ ಇದ್ದಕ್ಕಿದ್ದಂತೆ ಕೆಂಪಗೆ ಕದಡಿದರೆ, ಎಂದೂ ಒಸರದ ಬರೆಯಿಂದ ನೀರು ಒಸರತೊಡಗಿದರೆ, ಬೇಲಿಯ ಕಂಬಗಳು ವಾಲಿದರೆ, ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಳ್ಳತೊಡಗಿದರೆ ಆ ರಾತ್ರಿ ಅಲ್ಲಿ ಮಲಗದಿರುವುದು ಒಳ್ಳೆಯದು. ಈ ಗುರುತುಗಳನ್ನು ನನಗಿಂತ ಮೊದಲು ಆ ತಾತ ಗುರುತಿಸುತ್ತಾರೆ. ಮಕ್ಕಳನ್ನು ಬರೆ ನೋಡಲು ಕರೆದೊಯ್ಯುವ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.